ಅಜ್ಜಿಯ ಗೂಟ, ಸೊಸೆಯ ಟಿ.ವಿ.

ಹುಣಸೂರು ಪೇಟೆಯ ಹಳೇ ಮನೆಗಳನ್ನು ಹೊಸದು ಮಾಡಿಕೊಡುವ ಮೇಸ್ತ್ರಿ ನಾನು. ನಗಬೇಕೋ ಕೈಮುಗಿಯಬೇಕೋ ತಿಳಿಯದಂಥದ್ದು ಪ್ರತಿ ಮನೆಯಲ್ಲೂ ಒಂದಾದರೂ ನಡೆಯುತ್ತದೆ. ಗೊಬ್ಬರದ ಅಂಗಡಿಯವರ ಮನೆಯಲ್ಲಿ ಮಾತ್ರ ಒಂದಕ್ಕೆ ನಿಲ್ಲಲಿಲ್ಲ. ಅಲ್ಲಿದ್ದದ್ದು ಅಂಗಡಿಯವರು, ಅವರ ಹೆಂಡತಿ, ಇಬ್ಬರು ಮಕ್ಕಳು, ಎಂಬತ್ತು ದಾಟಿದ ತಾಯಿ. ಅವರದು ಲಿಂಗ ಕಟ್ಟುವ ಮನೆತನ. ಸತ್ತವರನ್ನು ಮಲಗಿಸುವುದಿಲ್ಲ, ಗೋಡೆಗೆ ಒರಗಿಸಿ ಕೂರಿಸುತ್ತಾರೆ, ಕೂರಿಸಿಯೇ ಹೊತ್ತೊಯ್ಯುತ್ತಾರೆ.

ಬಾಗಿಲು

ಸಾಮಾನಿಡಲು ಮುಂಬಾಗಿಲ ಮೇಲೊಂದು ಲಾಫ್ಟ್ ಬೇಕೆಂದರು ಅಂಗಡಿಯವರು. ಅದಕ್ಕೆ ಬಾಗಿಲು ಮುಕ್ಕಾಲು ಅಡಿ ತಗ್ಗಬೇಕು. ಆ ಎತ್ತರಕ್ಕೆ ಹಲಗೆ ಹೊಡೆದು ತೋರಿಸಿದೆ. ಅಜ್ಜಿ ಬಂದು ನೋಡಿದರು.

"ನಾನು ಇದ್ರಲ್ಲಿ ಎಂಗಪ್ಪ ಹೋಗ್ಲಿ?"

"ಆರಾಮಾಗಿ ನಡ್ಕೊಂಡು ಹೋಗ್ಬೋದು ಅಜ್ಜಿ."

"ನಡ್ಕೊಂಡು ಹೋಗೋದಲ್ಲ ಕಣಪ್ಪ. ನನ್ನ ಹೊತ್ಕೊಂಡು ಹೋಗೋದು."

ನೋಡಿಯೇ ಬಿಡೋಣ ಎಂದು ಅಜ್ಜಿ ತಮ್ಮ ಮಗನನ್ನೇ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದರು. ನನ್ನ ನಾಲ್ಕು ಆಳುಗಳು ಸೊಂಟದ ಮಟ್ಟಕ್ಕೆ ಎತ್ತಿ ನಡೆದರು. ಹಲಗೆ ಹತ್ತಿರ ಬಂದಾಗ ಅಂಗಡಿಯವರು ತಲೆ ತಗ್ಗಿಸಿದರು. ಅಜ್ಜಿ ಗದರಿದರು:

"ಬಗ್ಗಬ್ಯಾಡ ಕಣ್ಲಾ! ಎಣ ಬಗ್ಗಕಿಲ್ಲ."

ಲಾಫ್ಟ್ ಅಲ್ಲಿಗೇ ಮುಗಿಯಿತು.

ಊಟದ ಚೀಲ

ನಡುಮನೆಯ ಗೋಡೆಯಲ್ಲೊಂದು ಮರದ ಗೂಟವಿತ್ತು. ಒಂದು ವಾರ ನನ್ನ ಊಟದ ಚೀಲವನ್ನು ಅದಕ್ಕೇ ತೂಗುಹಾಕಿದ್ದೆ. ಒಂದು ದಿನ ಅಜ್ಜಿ ನಿಧಾನಕ್ಕೆ ಹೇಳಿದರು: "ನಮ್ಮತ್ತೆ, ನಮ್ಮಾವ, ನಮ್ಮ ಯಜಮಾನ್ರು, ಮೂವರೂ ಇದರ ಕೆಳಗೇ ಕುಂತಿದ್ದು. ಕತ್ತು ವಾಲಬಾರ್ದು ಅಂತ ಹಣೆಗೆ ಬಟ್ಟೆ ಕಟ್ಟಿ ಈ ಗೂಟಕ್ಕೇ ಬಿಗಿದಿದ್ರು."

ಊಟದ ಡಬ್ಬಿ ಕೆಳಗಿಟ್ಟೆ. ಎದ್ದು ಚೀಲ ತೆಗೆಯಹೋದೆ.

"ಇರಲಿ ಬುಡು. ಅವ್ರಿಗೂ ಹಸಿವಾಗಿರ್ತದೆ."

ನಲವತ್ತು ಕೆ.ಜಿ.

ಸೊಸೆಗೆ ಟಿ.ವಿ. ಬೇಕಾಗಿದ್ದದ್ದು ಅದೇ ಗೋಡೆಗೆ. ಆಕೆಯದೂ ತಪ್ಪಲ್ಲ. "ಮಕ್ಕಳು ಹೆದರ್ಕೊಂಡು ನಡುಮನೇಲಿ ಕೂರೋದೇ ಇಲ್ಲ ಮೇಸ್ತ್ರಿ. ನಾವು ಬದುಕಿರೋರು ಎಲ್ಲಿ ಕೂರೋಣ?" ಎಂದು ಕಣ್ಣಲ್ಲಿ ನೀರು ತಂದುಕೊಂಡರು. ಅಂಗಡಿಯವರು ತಲೆಯಾಡಿಸಿದರು, ನಾನು ಗೂಟ ಕಿತ್ತೆ.

ಅಜ್ಜಿ ಎರಡು ದಿನ ಊಟ ಮುಟ್ಟಲಿಲ್ಲ. ಆ ತೂತಿನ ಕೆಳಗೆ ಗೋಡೆಗೊರಗಿ ಕುಳಿತೇ ಇದ್ದರು. ಕೊಲೆ ಮಾಡಿದವನ ಹಾಗೆ ನಾನು ಆ ಕಡೆ ನೋಡದೆ ಕೆಲಸ ಮಾಡಿದೆ. ಮೂರನೇ ದಿನ ಉದ್ದನೆಯ ಬೋಲ್ಟ್ ಹಾಕಿ ಟಿ.ವಿ.ಯ ಕಬ್ಬಿಣದ ಬ್ರಾಕೆಟ್ ಬಿಗಿಯುತ್ತಿದ್ದಾಗ ಅಜ್ಜಿ ಬಾಯಿಬಿಟ್ಟರು.

"ಅದು ಎಷ್ಟು ಭಾರ ತಡೀತದೆ?"

"ನಲವತ್ತು ಕೆ.ಜಿ. ಅಜ್ಜಿ."

"ಆಸ್ಪತ್ರೇಲಿ ತೂಗಿದಾಗ ನಾನು ಮೂವತ್ತೆಂಟು. ಸರಿ, ಬಿಗಿ." ಆಮೇಲೆ ಸೊಸೆಯ ಕಡೆ ತಿರುಗಿ ಅನ್ನ ಬಡಿಸಲು ಹೇಳಿದರು.

ಸ್ಪ್ಯಾನರ್

ಏಳೆಂಟು ತಿಂಗಳಾಗಿತ್ತು. ಹನಗೋಡಿನಲ್ಲಿ ಕೆಲಸದಲ್ಲಿದ್ದೆ. ಅಂಗಡಿಯವರ ಫೋನ್ ಬಂತು. "ಮೇಸ್ತ್ರಿ, ಅವ್ವ ಹೋಗ್ಬುಟ್ಲು. ಸ್ಪ್ಯಾನರ್ ತಗೊಂಡು ಬನ್ನಿ."

ನನ್ನ ಕೈಯಾರೆ ಟಿ.ವಿ. ಇಳಿಸಿದೆ. ಅಜ್ಜಿಯನ್ನು ಕೂರಿಸಿ, ಹಣೆಗೆ ಸುತ್ತಿದ ಬಟ್ಟೆಯನ್ನು ಬ್ರಾಕೆಟ್ಟಿಗೆ ಕಟ್ಟಿದರು. ವಿಭೂತಿ ಹಚ್ಚಿಕೊಂಡು ಅಜ್ಜಿ ನೆಟ್ಟಗೆ ಕುಳಿತಿದ್ದರು. ಗೋಡೆಯಿಂದ ಒಂದು ಚೂರು ಮಣ್ಣೂ ಉದುರಲಿಲ್ಲ. ಹೊತ್ತೊಯ್ಯುವಾಗ ಬಾಗಿಲಲ್ಲಿ ತಲೆಯ ಮೇಲೆ ನಾಲ್ಕು ಬೆರಳು ಜಾಗ ಉಳಿಯಿತು. ಯಾರ ಮನೆಯ ಸಾವಿಗೂ ಅಳದವನು ಅವತ್ತು ಅತ್ತುಬಿಟ್ಟೆ.

ಕಾರ್ಯವೆಲ್ಲ ಮುಗಿದ ಮೇಲೆ ಟಿ.ವಿ. ಮತ್ತೆ ಹಾಕಲೇ ಎಂದು ಕೇಳಲು ಹೋದೆ. ಸೊಸೆ ಗೋಡೆಯನ್ನು ನೋಡಿದರು. ಆಮೇಲೆ ಪಕ್ಕದಲ್ಲೇ ಕಾಫಿ ಕುಡಿಯುತ್ತಿದ್ದ ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಕಣ್ಣೊರೆಸಿಕೊಂಡು ಕೇಳಿದರು:

"ಮೇಸ್ತ್ರಿ, ಇವ್ರು ತೊಂಬತ್ತು ಕೆ.ಜಿ. ಅವ್ರೆ. ಇದಕ್ಕಿಂತ ಗಟ್ಟಿದು ಸಿಕ್ತದಾ?"