ಫೋರ್‌ಮನ್ ಇಲ್ಲದ ಹೆಂಚಿನ ಕಾರ್ಖಾನೆ

ಹೇಳುವವರಿಲ್ಲದ ಕಡೆ ಇಂಥದ್ದೆಲ್ಲ ಆಗ್ತಾ ಇರುತ್ತದೆ. ಐವತ್ತರ ದಶಕದಲ್ಲಿ ನಾನು ಮಂಗಳೂರಿನ ಒಂದು ಹೆಂಚಿನ ಕಾರ್ಖಾನೆಯಲ್ಲಿ ಹೆಂಚು ಒತ್ತುವ ಪ್ರೆಸ್ ನಡೆಸುತ್ತಿದ್ದೆ. ನಮ್ಮ ಫೋರ್‌ಮನ್ ಕೆಲಸ ಬಿಟ್ಟು ಬೊಂಬಾಯಿಗೆ ಹೋದ. "ಹೊಸಬ ಸಿಗುವವರೆಗೆ ನೀವೇ ಸೇರಿ ನಡೆಸಿ" ಎಂದರು ಧಣಿಗಳು. ಅವರ ಕೆಮ್ಮು ಕೇಳಿದರೂ ನಡುಗುವವರು ನಾವು.

ಕೂಗು

ಬೆಳಿಗ್ಗೆ ಕೆಲಸಕ್ಕೆ ಕರೆಯುವ ಉಗಿ ಸೀಟಿ, ಅಂದರೆ ಕಾರ್ಖಾನೆಯ ಕೂಗಿನ ಹಗ್ಗ ಎಳೆಯುವವರು ಯಾರು? ಬೇಗ ಎಳೆದರೂ ಬೈಗಳು, ತಡವಾದರೂ ಬೈಗಳು. ತಪ್ಪು ಒಬ್ಬರ ತಲೆಗೆ ಬರುವುದು ಬೇಡವೆಂದು ಎಲ್ಲರೂ ಒಟ್ಟಿಗೆ ಹಿಡಿದು ಎಳೆದೆವು. ಎಳೆದ ರಭಸಕ್ಕೆ ಅದು ಸಿಕ್ಕಿಕೊಂಡು ಕೂಗು ನಿಲ್ಲಲೇ ಇಲ್ಲ. ಬೆಂಕಿ ಬಿತ್ತೆಂದು ಅಕ್ಕಪಕ್ಕದವರು ಕೊಡಪಾನ ಹಿಡಿದು ಓಡಿ ಬಂದರು.

"ಯಾರು ಎಳೆದದ್ದು?" ಎಂದರು ಧಣಿಗಳು.

ಹೆಂಚು ಹೊರುವ ಬಾಯಮ್ಮ ಮೆಲ್ಲಗೆ ಹೇಳಿದಳು: "ಎಲ್ಲರೂ. ನಾನು ಮುಟ್ಟಿದ್ದು ಮಾತ್ರ."

ಗೂಡು

ಹೆಂಚು ಸುಟ್ಟ ಗೂಡನ್ನು ಬಿಸಿ ಇರುವಾಗ ತೆರೆದರೆ ಹೆಂಚೆಲ್ಲ ಬಿರುಕು. ತೆರೆಯುವುದೋ ಬೇಡವೋ, ಕೈ ಎತ್ತಿ ನಿರ್ಧರಿಸೋಣ ಎಂದಾಯಿತು. ತೆರೆಯಬೇಕು ಎನ್ನುವವರು? ಒಂದು ಕೈಯೂ ಏಳಲಿಲ್ಲ. ಬೇಡ ಎನ್ನುವವರು? ಆಗಲೂ ಇಲ್ಲ. ಹೀಗೆ ಮುಖ ಮುಖ ನೋಡುತ್ತಾ ಕೂತಿರುವಾಗ ಗೂಡು ತಾನಾಗಿ ತಣಿದಿತ್ತು. ಒಂದು ಹೆಂಚೂ ಒಡೆಯಲಿಲ್ಲ. ಧಣಿಗಳು ಹೊಗಳಿದರು. ಎಂತಕ್ಕೆಂದು ನಮಗೆ ಗೊತ್ತಾಗಲಿಲ್ಲ.

ಬಾಯ್ಲರು

ಒಂದು ಮಧ್ಯಾಹ್ನ ಬಾಯ್ಲರಿನ ಹೆಚ್ಚಾದ ಉಗಿ ಹೊರಬಿಡುವ ಸೇಫ್ಟಿ ವಾಲ್ವ್ ಸಿಕ್ಕಿಕೊಂಡಿತು. ಒತ್ತಡ ತೋರಿಸುವ ಮುಳ್ಳು ಕೆಂಪು ಗೆರೆ ದಾಟಿತು, ಕಾಲಡಿಯ ನೆಲ ಗುಂಯ್‌ಗುಟ್ಟತೊಡಗಿತು. ಬೆಂಕಿ ಹಾಕುವ ಬ್ಯಾರಿಯ ಮುಖ ಬೂದಿಯ ಹಾಗಾಯಿತು. ಯಾರೂ ಮಾತಾಡಲಿಲ್ಲ. ಬ್ಯಾರಿ ಉರಿಯುವ ಕಟ್ಟಿಗೆಯನ್ನೆಲ್ಲ ಹೊರಗೆಳೆದು ಹಾಕಿದ. ಫಿಟ್ಟರ್ ಮೇಲೆ ಹತ್ತಿ ವಾಲ್ವಿಗೆ ಸುತ್ತಿಗೆಯಿಂದ ಬಡಿದ. ನಾನು ಪ್ರೆಸ್ಸಿನ ಉಗಿಯನ್ನೆಲ್ಲ ಹೊರಗೆ ಬಿಟ್ಟೆ. ಬಾಯಮ್ಮ ಏಸುವನ್ನು ಕರೆಯುತ್ತಾ ಬೆಂಕಿಯ ಮೇಲೆ ನೀರು ಸುರಿದಳು. ವಾಲ್ವ್ ಬುಸ್ಸೆಂದು ತೆರೆದುಕೊಂಡಾಗ ನಾವೆಲ್ಲ ಇದ್ದಲ್ಲೇ ಕುಸಿದು ಕೂತೆವು.

ಧಣಿಗಳು ಬಂದರು. ಬಾಯ್ಲರು ನೋಡಿ ಅವರಿಗೂ ಬೆವರು ಇಳಿಯಿತು.

"ಆರ್ಡರ್ ಕೊಟ್ಟದ್ದು ಯಾರು?"

"ಯಾರೂ ಇಲ್ಲ ಧಣಿ," ಎಂದ ಬ್ಯಾರಿ. "ಹೆದರಿಕೆ ಆಯ್ತು, ಮಾಡಿದೆವು."

ಧಣಿಗಳು "ಹಾಗಾದ್ರೆ ನಿಮಗೆ ಫೋರ್‌ಮನ್ ಬೇಡ," ಎಂದರು.

"ಬೇಕು ಧಣಿ," ಎಂದಳು ಬಾಯಮ್ಮ. "ಓಡಿ ಅಂತ ಹೇಳ್ಲಿಕ್ಕೆ ಒಬ್ಬ ಬೇಕಲ್ಲ. ಇವತ್ತು ಅದನ್ನು ಯಾರೂ ಹೇಳ್ಲಿಲ್ಲ. ಹಾಗಾಗಿ ಒಬ್ಬರೂ ಓಡದೆ ಎಲ್ಲರೂ ಇಲ್ಲೇ ಬಾಕಿ."