ಎರಡು ಬೆರಳಿನ ಮಜ್ಜಿಗೆ

ನಾನು ಯಾವುದಕ್ಕೂ ತೀರ ತಡ ಮಾಡುವವನಲ್ಲ. ಸ್ವಲ್ಪ ತಡ ಮಾಡುವವನು. ತೀರ ತಡವಾಗಿ ಬರುವವರಿಗೆ ಸಮಾಜದಲ್ಲಿ ಒಂದು ಗೌರವವಿದೆ. ಜನ ಅವರನ್ನು ದೊಡ್ಡ ಮನುಷ್ಯರೆಂದು ತಿಳಿದು ಮುಂದಿನ ಸಾಲಿನಲ್ಲಿ ಕುರ್ಚಿ ಕಾದಿಟ್ಟಿರುತ್ತಾರೆ. ನನ್ನಂಥವರ ಪಾಡು ಹಾಗಲ್ಲ. ಬಸ್ಸು ಹೊರಟು ಹತ್ತು ಮಾರು ಹೋದಾಗ ನಾನು ನಿಲ್ದಾಣದೊಳಗೆ ಕಾಲಿಡುತ್ತೇನೆ. ಯಾರಾದರೂ ನಗೆಯ ಮಾತು ಹೇಳಿದರೆ ಎಲ್ಲರೂ ನಕ್ಕು ಸುಮ್ಮನಾದ ಮೇಲೆ ನಾನೊಬ್ಬನೇ ನಗುತ್ತೇನೆ. ನಮ್ಮ ಓಣಿಯ ಶನಿವಾರದ ಭಜನೆಯಲ್ಲಂತೂ ಈ ದೋಷ ಊರಿಗೇ ಗೊತ್ತಾಯಿತು. ಹತ್ತು ಜನರ ತಾಳ ಒಂದೇ ಸಲ ಬಿದ್ದರೆ, ನನ್ನದು ಅರ್ಧ ಪೆಟ್ಟು ಹಿಂದೆ ಬೀಳುತ್ತಿತ್ತು. ಭಜನೆ ನಡೆಸುವ ನಾರಾಯಣಾಚಾರ್ಯರು ಮೂರು ತಿಂಗಳು ಸಹಿಸಿಕೊಂಡು ಒಂದು ದಿನ, “ಮಾಸ್ತರ, ದೇವರಿಗೆ ಕಿವಿ ಛಲೋ ಅವ. ಒಂದೊಂದು ಪೆಟ್ಟು ಎರಡೆರಡು ಸಲ ಯಾಕ ಕೇಳಸ್ತೀರಿ?” ಎಂದು ಕೈಯಿಂದ ತಾಳ ತೆಗೆದುಕೊಂಡು ನನಗೆ ತೆಂಗಿನಕಾಯಿ ಒಡೆಯುವ ಕೆಲಸ ಕೊಟ್ಟರು. ಅಂದಿನಿಂದ ಭಜನೆಯಲ್ಲಿ ನನ್ನದು ಒಂದೇ ಪೆಟ್ಟು, ಅದೂ ಹೊಸ್ತಿಲಾಚೆ.

ಇನ್ನೊಂದು ಅಭ್ಯಾಸವನ್ನೂ ಇಲ್ಲಿಯೇ ಒಪ್ಪಿಕೊಂಡುಬಿಡುತ್ತೇನೆ. ನಮ್ಮ ಮನೆಯಲ್ಲಿ ಊಟಕ್ಕೆ ಕೂತು, ಎಲೆಯ ಸುತ್ತ ನೀರು ಬಿಟ್ಟು, ಅಂಗೈಯ ನೀರನ್ನು ಆಪೋಶನವೆಂದು ಕುಡಿದರೆ ಮುಗಿಯಿತು, ಊಟ ಮುಗಿದು ಮತ್ತೆ ಅಂಗೈಯಲ್ಲಿ ನೀರು ಕುಡಿಯುವ ತನಕ ಬಾಯಿಂದ ಮಾತು ಹೊರಡಬಾರದು. ಮಾತಾಡಿದರೆ ಎಲೆ ಬಿಟ್ಟು ಏಳಬೇಕು. ಇದು ನಮ್ಮ ತಂದೆಯವರು ಹಾಕಿಕೊಟ್ಟ ಕಟ್ಟು. ಒಮ್ಮೆ ಅವರು ಊಟಕ್ಕೆ ಕೂತಾಗ ಮಂಗವೊಂದು ಹಿತ್ತಲ ಬಾಗಿಲಿನಿಂದ ಬಂದು ಹಪ್ಪಳದ ಡಬ್ಬಿ ಎತ್ತಿಕೊಂಡು ಹೋಯಿತು. ಅವರು ಅದು ಬಂದದ್ದನ್ನೂ ನೋಡಿದರು, ಹೋದದ್ದನ್ನೂ ನೋಡಿದರು; ಮಜ್ಜಿಗೆ ಅನ್ನ ಮುಗಿಸಿ, ನೀರು ಕುಡಿದು, ಆಮೇಲೆ “ಮಂಗ!” ಎಂದು ಕೂಗಿದರು. ಹೀಗಾಗಿ ನಮ್ಮ ಮನೆಯಲ್ಲಿ ಬೆರಳಿನ ಭಾಷೆಯೊಂದು ಬೆಳೆದಿದೆ. ನಾಲ್ಕು ಬೆರಳು ತೋರಿಸಿದರೆ ಅನ್ನ, ಕಿರುಬೆರಳು ಉಪ್ಪಿನಕಾಯಿ, ಎರಡು ಬೆರಳು ಮಜ್ಜಿಗೆ. ನನ್ನ ಹೆಂಡತಿ ವತ್ಸಲಾ ಈ ಪದ್ಧತಿಯನ್ನು ಬಹಳ ಶ್ರದ್ಧೆಯಿಂದ ಕಾಪಾಡಿಕೊಂಡು ಬಂದಿದ್ದಾಳೆ. ದಿನದಲ್ಲಿ ತನಗೆ ಸಿಗುವ ನೆಮ್ಮದಿಯೆಂದರೆ ಆ ಎರಡು ಹೊತ್ತು ಎಂದು ಅವಳು ತನ್ನ ಅಕ್ಕನ ಹತ್ತಿರ ಹೇಳಿದ್ದನ್ನು ನಾನೇ ಕೇಳಿದ್ದೇನೆ.

ನಾನು ಕಲಬುರಗಿಯಿಂದ ದಿನಾ ಬಸ್ಸಿನಲ್ಲಿ ಕಮಲಾಪುರಕ್ಕೆ ಹೋಗಿ ಅಲ್ಲಿನ ಸಾಲಿಯಲ್ಲಿ ಭೂಗೋಳ ಕಲಿಸುತ್ತಿದ್ದೆ. ಏಳು ಸಮುದ್ರ ಕಲಿಸಿದವನು ಸೊಲ್ಲಾಪುರದಾಚೆ ಹೋದವನಲ್ಲ. ಒಂದು ಸಲ ಮೆಹಬೂಬ ಎನ್ನುವ ಹುಡುಗನಿಗೆ ನಕಾಶೆಯಲ್ಲಿ ವೆಸ್ಟ್ ಇಂಡೀಸ್ ತೋರಿಸು ಎಂದೆ. ಅವನು ಧೈರ್ಯವಾಗಿ ಬಂದು ಮುಂಬೈ ಪಕ್ಕದ ನೀರಿನ ಮೇಲೆ ಬೆರಳಿಟ್ಟು, “ಇಂಡಿಯಾದ ಪಶ್ಚಿಮಕ್ಕ, ಇಲ್ಲೇ ಅದಲ್ರೀ ಸರ್” ಎಂದ. ಅದೇ ವಾರ ಅವನ ತಂದೆ ಇಮಾಮಸಾಬರು ತಮ್ಮ ತೋಟದ ಕೆಂಪು ಬಾಳೆಹಣ್ಣಿನ ಚಿಪ್ಪು ಹಿಡಿದುಕೊಂಡು ಬಂದು, “ಮಾಸ್ತರ, ಹುಡುಗ ಹೆಂಗ ಅದಾನ್ರಿ?” ಎಂದು ಕೇಳಿದರು. ನಾನು ಹಾಸ್ಯ ಮಾಡಲು ಹೋಗಿ, “ಇವಗ ಭೂಮಿ ಮ್ಯಾಲ ಯಾವುದು ಎಲ್ಲಿ ಅದ ಅಂತ ತಿಳಿಯಂಗಿಲ್ಲ. ಸಾಲಿ ಬಿಡಿಸಿ ತೋಟಕ್ಕ ಹಚ್ರಿ” ಎಂದೆ. ಎಂದವನು ನಗಬೇಕಿತ್ತು. ಆದರೆ ನನ್ನ ನಗೆ ಬರುವುದು ತಡ ಎಂದು ಆಗಲೇ ಹೇಳಿದೆನಲ್ಲ. ನಾನು ನಗುವಷ್ಟರಲ್ಲಿ ಅವರು ಸಲಾಮು ಮಾಡಿ ಹೊರಟುಹೋಗಿದ್ದರು. ಮರುದಿನ ಮೆಹಬೂಬ ಸಾಲಿಗೆ ಬರಲಿಲ್ಲ. ಬಸ್ಸಿನ ಕಿಟಕಿಯಿಂದ ನೋಡಿದರೆ ಲಾರಿಗೆ ಬಾಳೆಗೊನೆ ಏರಿಸುತ್ತಿದ್ದ. ಇಮಾಮಸಾಬರ ಮನೆಗೆ ಹೋಗಿ ತಿಳಿಸಿ ಹೇಳಬೇಕೆಂದುಕೊಂಡೆ. ಅದನ್ನೂ ತಡ ಮಾಡಿದೆ. ನಾನು ಹೋಗುವ ಹೊತ್ತಿಗೆ ಹುಡುಗ ಮುಂಬೈಗೆ ಓಡಿಹೋಗಿದ್ದ. ಆ ಮಾತು ನೆನಪಾದಾಗಲೆಲ್ಲ ನನಗೆ ನಾಚಿಕೆಯಾಗುತ್ತಿತ್ತು.

ತೊಂಬತ್ತರ ದಶಕದ ಕೊನೆಯಲ್ಲಿ ಒಂದು ಸಂಜೆ ಮೆಹಬೂಬ ನನ್ನ ಮನೆಯ ಬಾಗಿಲಿಗೆ ಬಂದು ನಿಂತ. ತಲೆಯ ಮೇಲೆ ಹಸಿರು, ಹಳದಿ, ಕೆಂಪು ಪಟ್ಟೆಯ ಉಣ್ಣೆ ಟೋಪಿ. ಕಲಬುರಗಿಯ ಬಿಸಿಲಿಗೆ ಅದರ ಕೆಳಗಿನಿಂದ ಬೆವರು ಹರಿಯುತ್ತಿತ್ತು. ಹಡಗಿನ ಅಡುಗೆಮನೆ ಸೇರಿ, ಕೊನೆಗೆ ಅದೇ ವೆಸ್ಟ್ ಇಂಡೀಸಿನ ದ್ವೀಪಗಳಲ್ಲಿ ಇಳಿದು ನಾಲ್ಕು ವರ್ಷ ಹೋಟೆಲಿನಲ್ಲಿ ಅಡುಗೆ ಮಾಡಿದನಂತೆ. “ಸರ್, ನೀವು ಖರೇ ಹೇಳಿದ್ರಿ. ಅದು ಮುಂಬೈ ಬಾಜೂಕ ಇಲ್ಲ. ಭಾಳ ದೂರ ಅದ” ಎಂದು ನಕ್ಕ. ಈ ಸಲ ನನಗೆ ತಡವಾಗಿಯೂ ನಗೆ ಬರಲಿಲ್ಲ.

ಜಗತ್ ವೃತ್ತದ ಹತ್ತಿರ ಇಮಾಮಸಾಬರು ಬಾಳೆಗೊನೆ ಹಣ್ಣಿಗೆ ಹಾಕುತ್ತಿದ್ದ ಗೋದಾಮು ಇತ್ತು. ಅದನ್ನೇ ಕೇಳಿ ಪಡೆದು ಅವನು ಕೆರಿಬಿಯನ್ ಹೋಟೆಲು ತೆರೆಯುತ್ತಿದ್ದ. ದ್ವೀಪದ ಊಟ, ಎದುರಿಗೇ ಕೂತು ಬಾರಿಸುವ ಅಲ್ಲಿನ ರೆಗ್ಗೆ ಸಂಗೀತ. “ನಮ್ಮ ಅಬ್ಬಾ ಒಂದು ಶರ್ತ ಹಾಕ್ಯಾರ ಸರ್. ಮೊದಲನೇ ದಿನ ಉಂಡ ಮಂದಿ ತಾಟು ಖಾಲಿ ಮಾಡಿ ಖುಷಿಲೆ ಎದ್ರ ನಡಸು, ಇಲ್ಲಂದ್ರ ಮರುದಿನಾನೇ ಬಾಳಿಗೊನಿ ಇಳಸ್ತೀನಿ ಅಂದಾರ. ನಿಮ್ಮ ಮಾತಂದ್ರ ಅವರಿಗೆ ಪತ್ಥರ್ ಕೀ ಲಕೀರ್, ಕಲ್ಲಿನ ಮ್ಯಾಲಿನ ಗೀಟು. ನೀವು ಬರಲೇಬೇಕು. ಅವತ್ತು ಮಾಂಸ ಗೀಂಸ ಇಲ್ದಂಗ ಎಲ್ಲಾ ಸಾದಾ ಅಡಗೀನೇ ಮಾಡ್ತೀನಿ” ಎಂದ.

ನನಗೆ ಪ್ರಾಯಶ್ಚಿತ್ತಕ್ಕೆ ದಾರಿ ಸಿಕ್ಕಿತೆಂದು ಸಂತೋಷವಾಯಿತು. ಹೋಟೆಲನ್ನು ಹೊಗಳಿ ನಾಲ್ಕು ವಾಕ್ಯದ ಭಾಷಣ ಬರೆದು ಬಾಯಿಪಾಠ ಮಾಡಿದೆ. ಅಕ್ಕ ಬಂದಿದ್ದರಿಂದ ವತ್ಸಲಾ ಬರಲಿಲ್ಲ. ಹೊರಡುವಾಗ, “ಅಲ್ಲಿ ಹೋಗಿ ಆಪೋಶನ ಗೀಪೋಶನ ಅಂತ ಮೂಕರಾಗಿ ಕೂಡಬ್ಯಾಡ್ರಿ. ಹುಡುಗ ಪ್ರೀತಿಲೆ ಕರದಾನ, ಬಾಯಿ ಬಿಟ್ಟು ನಾಲ್ಕು ಛಲೋ ಮಾತು ಆಡ್ರಿ” ಎಂದಳು. ನನಗೇನು ಅಷ್ಟೂ ತಿಳಿಯುವುದಿಲ್ಲವೇ ಎಂದು ಸಿಟ್ಟಿನಿಂದಲೇ ಆಟೋ ಹತ್ತಿದೆ.

ಗೋದಾಮಿನ ಗೋಡೆಗಳ ಮೇಲೆ ಬೋರ್ಡು ಬರೆಯುವ ಪೇಂಟರೊಬ್ಬ ನೀಲಿ ಸಮುದ್ರ ಬರೆದಿದ್ದ. ಅದರಲ್ಲಿ ಎರಡು ಕಮಲಗಳು ಅರಳಿದ್ದವು. ಕಮಲವಿಲ್ಲದ ನೀರನ್ನು ಅವನು ಜನ್ಮದಲ್ಲಿ ಬರೆದಿರಲಿಲ್ಲ. ಒಂದು ಮೂಲೆಯಲ್ಲಿ ರೋಜಾ ಬಡಾವಣೆಯ ಮದುವೆ ಬ್ಯಾಂಡಿನ ದಸ್ತಗೀರ ಮಾಸ್ತರ ತನ್ನ ಐದು ಜನರೊಂದಿಗೆ ಜರಿಯ ಕೆಂಪು ಕೋಟಿನಲ್ಲಿ ಕೂತಿದ್ದ. ಮೆಹಬೂಬ ಎರಡು ತಿಂಗಳು ಕ್ಯಾಸೆಟ್ ಕೇಳಿಸಿ ಅವರನ್ನು ತಯಾರು ಮಾಡಿದ್ದ. “ಏನ್ ಹೇಳ್ಲಿ ಸರ್, ಎಲ್ಲಾ ಉಲ್ಟಾ ಠೇಕಾ ಅದ. ಪೆಟ್ಟು ಎಲ್ಲಿ ಬೀಳಬೇಕೋ ಅಲ್ಲಿ ಬೀಳಂಗಿಲ್ಲ, ಬಿದ್ದ ಮ್ಯಾಲ ಬೀಳ್ತದ” ಎಂದು ದಸ್ತಗೀರ ಗೋಳಾಡಿದ. ಮೂವತ್ತು ಜನ ಸೇರಿದ್ದರು. ಇಮಾಮಸಾಬರು ಬಿಳಿ ಗಡ್ಡ ನೀವಿಕೊಳ್ಳುತ್ತ ಎಲ್ಲರ ತಾಟು ಕಾಣುವ ಜಾಗ ನೋಡಿ ಕೂತಿದ್ದರು, ನನ್ನೆದುರಿಗೇ.

ಎಲ್ಲರಿಗೂ ಪಿಂಗಾಣಿ ತಾಟು ಬಂತು. ನನ್ನ ಮುಂದೆ ಮಾತ್ರ ಮೆಹಬೂಬ ತೋಟದಿಂದ ತಂದ ಬಾಳೆಎಲೆ ಹಾಸಿದ. ತೊಳೆದು, ಒರೆಸಿ, ತುದಿ ಎಡಕ್ಕೆ ಬರುವ ಹಾಗೆ. ಸಾಲಿಯ ಸ್ನೇಹಸಮ್ಮೇಳನದಲ್ಲಿ ನಾನು ಉಣ್ಣುವುದನ್ನು ನೋಡಿ ನೆನಪಿಟ್ಟುಕೊಂಡಿದ್ದನಂತೆ. ನನ್ನ ಕಣ್ಣು ತುಂಬಿ ಬಂತು. ಪಕ್ಕದಲ್ಲಿ ಸ್ಟೀಲಿನ ಲೋಟದಲ್ಲಿ ನೀರು ಇತ್ತು. ಎಲೆಯ ಮೇಲೆ ಅನ್ನ ಬಿತ್ತು. ಐವತ್ತು ವರ್ಷದ ಅಭ್ಯಾಸ ನೋಡಿ, ಕೈ ನನ್ನನ್ನು ಕೇಳಲಿಲ್ಲ. ಎಲೆಯ ಸುತ್ತ ನೀರು ಬಿಟ್ಟಿತು, ನಾಲ್ಕು ಅಗುಳು ಬದಿಗಿಟ್ಟಿತು, ಅಂಗೈಯ ನೀರನ್ನು ಬಾಯಿಗೆ ಹಾಕಿತು. ಜೀವನದಲ್ಲಿ ಒಂದೇ ಒಂದು ಕೆಲಸ ತಡವಿಲ್ಲದೆ ಆಯಿತೆಂದರೆ ಅದು. ನಾಲ್ಕು ವಾಕ್ಯದ ಭಾಷಣ ನೀರಿನ ಜೊತೆ ಗಂಟಲೊಳಗೆ ಇಳಿದುಹೋಯಿತು. ಮಾತಾಡಿದರೆ ಎಲೆ ಬಿಟ್ಟು ಏಳಬೇಕು. ಎದ್ದರೆ ಇಮಾಮಸಾಬರು ಬಾಳೆಗೊನೆ ಇಳಿಸುತ್ತಾರೆ.

ತೆಂಗಿನ ಹಾಲಿನಲ್ಲಿ ಕಾಳು ಹಾಕಿ ಬೇಯಿಸಿದ ಆ ಅನ್ನ ಬಹಳ ರುಚಿಯಾಗಿತ್ತು. ಕುಂಬಳಕಾಯಿ ಪಲ್ಯ ಇನ್ನೂ ರುಚಿ. ಪಕ್ಕದಲ್ಲಿ ಹಳದಿ ಬಣ್ಣದ ಚಟ್ನಿಯಂಥದೊಂದು ಇತ್ತು. ಮೆಹಬೂಬ “ಸರ್, ಇದು ಖಾರ ಅದ, ಹಗೂರಕ” ಎಂದ. ಕಲಬುರಗಿಯವನಿಗೆ ಖಾರದ ಹೆದರಿಕೆ ಹೇಳುವುದೇ! ಮೆಣಸಿನಕಾಯಿ ಹಿಂಡಿ, ಶೇಂಗಾ ಚಟ್ನಿ ತಿಂದು ಬೆಳೆದ ಅಭಿಮಾನದಲ್ಲಿ ಒಂದು ಹಿಡಿ ಅನ್ನಕ್ಕೆ ಅದನ್ನೆಲ್ಲ ಕಲಸಿ ಬಾಯಿಗಿಟ್ಟೆ. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಕಿವಿಯೊಳಗೆ ಏನೋ ಸಿಡಿದ ಹಾಗಾಯಿತು. ಮೂಗು, ಕಣ್ಣು ಎಲ್ಲ ಸುರಿಯತೊಡಗಿದವು.

ಇಮಾಮಸಾಬರು ಮುಂದಕ್ಕೆ ಬಾಗಿದರು. “ಮಾಸ್ತರ, ಅಳಾಕತ್ತೀರೇನು? ಅಷ್ಟು ಕೆಟ್ಟ ಆಗ್ಯದ?” ನಾನು ಇಲ್ಲವೆಂದು ಜೋರಾಗಿ ತಲೆಯಾಡಿಸಿದೆ. “ಹಂಗಾರ ಛಲೋ ಅದೇನು?” ಹೌದೆನ್ನಬೇಕಿತ್ತು, ಉರಿಗೆ ತಲೆ ಹೇಳಿದಂತೆ ಕೇಳದೆ ಇನ್ನೂ ಅಡ್ಡಡ್ಡವೇ ಆಡುತ್ತಿತ್ತು. ಅವರ ಮುಖ ಸಣ್ಣದಾಯಿತು. “ಬಾಯಿ ಬಿಟ್ಟು ಹೇಳ್ರಿ ಮಾಸ್ತರ. ಎಷ್ಟು ದಿನ ನಡೀಬಹುದು ಇದು?” ಅದೇ ಹೊತ್ತಿಗೆ ಬಡಿಸುವವನು ಹತ್ತಿರ ಬಂದ. ಬಾಯಿಯ ಉರಿ ತಾಳಲಾರದೆ ನಾನು ಅವನಿಗೆ ಎರಡು ಬೆರಳು ತೋರಿಸಿದೆ. ಅದು ನಮ್ಮ ಮನೆಯ ಭಾಷೆಯೆಂದೂ ಅವನು ವತ್ಸಲಾ ಅಲ್ಲವೆಂದೂ ನೆನಪಾದದ್ದು ಆಮೇಲೆ. “ಎರಡು ದಿನ” ಎಂದು ಇಮಾಮಸಾಬರು ನಿಟ್ಟುಸಿರು ಬಿಟ್ಟು ಮಗನ ಕಡೆ ನೋಡಿದರು. ಮೆಹಬೂಬ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಹುಡುಗನನ್ನು ನಾನು ಎರಡನೆಯ ಸಲ ಸಾಲಿ ಬಿಡಿಸುತ್ತಿದ್ದೆ.

ಅಷ್ಟರಲ್ಲಿ ಸಂಗೀತವೂ ಕೈಕೊಡುವ ಲಕ್ಷಣ ಕಂಡಿತು. ರೆಗ್ಗೆಯೆಂದು ಶುರುವಾದದ್ದು ನಾಲ್ಕು ಸುತ್ತು ಹೋಗುವುದರೊಳಗೆ ಮದುವೆಯ ಮೆರವಣಿಗೆಯಾಗುತ್ತಿತ್ತು. ಡೋಲಕ್ ಬಾರಿಸುವವನ ಕೈ ಇಪ್ಪತ್ತು ವರ್ಷ ಮದುಮಗನ ಕುದುರೆಯ ಮುಂದೆ ನಡೆದ ಕೈ. ಅದಕ್ಕೂ ಅಭ್ಯಾಸದ ಕಾಟ. ಹಿಂದಿನ ಮೇಜಿನವರು, “ಮದುಮಗ ಎಲ್ಲಿ ಹೋಗ್ಯಾನ್ರಿ?” ಎಂದು ಕೂಗಿ ನಕ್ಕರು. ದಸ್ತಗೀರ ಕಹಳೆ ಕೆಳಗಿಟ್ಟು ಹಣೆ ಒರೆಸಿಕೊಂಡ.

ನನಗೆ ತಡೆಯಲಾಗಲಿಲ್ಲ. ಬಲಗೈ ಎಂಜಲು, ಬಾಯಿ ಬಂದ್. ಉಳಿದದ್ದು ಎಡಗೈ ಒಂದೇ. ಊಟ ಚೆನ್ನಾಗಿದೆ, ಬಾರಿಸಿರಪ್ಪ, ನಿಲ್ಲಿಸಬೇಡಿ ಎಂದು ಹೇಗಾದರೂ ಹೇಳಬೇಕಲ್ಲ! ಮೇಜಿನ ಮೇಲಿದ್ದ ಚಮಚ ಎತ್ತಿ ಸ್ಟೀಲಿನ ಲೋಟದ ಮೇಲೆ ಅವರ ಹಾಡಿಗೆ ತಾಳ ಹಾಕತೊಡಗಿದೆ. ನನ್ನ ಮಟ್ಟಿಗೆ ನಾನು ಸರಿಯಾಗಿಯೇ ಹಾಕುತ್ತಿದ್ದೆ. ಆದರೆ ದಸ್ತಗೀರ ಎದ್ದು ನಿಂತ. “ಸುನೋ, ಸುನೋ! ಮಾಸ್ತರ ಕೈ ನೋಡ್ರಿ! ಇದೇ ಠೇಕಾ! ಕ್ಯಾಸೆಟ್‌ನಾಗಿಂದು ಇದೇ!” ಡೋಲಕಿನವನು ನನ್ನ ಚಮಚದ ಮೇಲೆ ಕಣ್ಣು ನೆಟ್ಟ. ಅವನ ಪೆಟ್ಟು ಬಿದ್ದ ಮೇಲೆ ನನ್ನದು ಬೀಳುತ್ತಿತ್ತು. ನನ್ನದು ಬಿದ್ದ ಕಡೆ ಕಹಳೆ ಚುಟುಕಾಗಿ ಕೂಗುತ್ತಿತ್ತು. ಹಾಡು ಮೆರವಣಿಗೆ ಬಿಟ್ಟು ನಿಧಾನಕ್ಕೆ ತೂಗತೊಡಗಿತು. ಮೂವತ್ತು ತಲೆಗಳು ಅದರ ಜೊತೆ ತೂಗಿದವು. ಹಿಂದಿನ ಮೇಜಿನವರು ನಗುವುದನ್ನು ಬಿಟ್ಟು ಇನ್ನೊಮ್ಮೆ ಅನ್ನ ಕೇಳಿದರು. ನಾರಾಯಣಾಚಾರ್ಯರು ಇದ್ದಿದ್ದರೆ ಎಂದು ನನಗೆ ಆ ಹೊತ್ತಿನಲ್ಲಿ ಬಹಳ ಅನಿಸಿತು. ನನ್ನದು ದೋಷವಲ್ಲ, ದೂರದ ದ್ವೀಪದ ಪದ್ಧತಿ. ತಪ್ಪಿ ಕಲಬುರಗಿಯಲ್ಲಿ ಹುಟ್ಟಿತ್ತು, ಅಷ್ಟೆ.

ಕೊನೆಗೆ ಕೆಂಪು ಬಾಳೆಹಣ್ಣನ್ನು ಹೋಳು ಮಾಡಿ ತುಪ್ಪದಲ್ಲಿ ಕರಿದು ತಂದರು. ಇಮಾಮಸಾಬರು, “ಕಮಲಾಪುರದ ಹಣ್ಣು ಬೆಂಕಿ ಮ್ಯಾಲ ಇಡ್ತಾರೇನೋ!” ಎಂದು ಗದರಿದರು. ಆದರೂ ಒಂದು ಹೋಳು ಬಾಯಿಗೆ ಹಾಕಿಕೊಂಡರು. ಇನ್ನೊಂದು ಹೋಳು ತೆಗೆದುಕೊಂಡರು. ನಾನು ಎಲೆ ಖಾಲಿ ಮಾಡಿ, ಅಂಗೈಯಲ್ಲಿ ನೀರು ಕುಡಿದು, ಬಾಯಿ ಬಂದ ಸಂತೋಷಕ್ಕೆ ಎದ್ದು ನಿಂತು, “ಇಮಾಮಸಾಬರ, ನಾನು ನಾಲ್ಕು ಮಾತು—” ಎಂದೆ.

ಅವರು ನನ್ನ ಭುಜದ ಮೇಲೆ ಕೈಯಿಟ್ಟು ಕೂರಿಸಿದರು. “ಬ್ಯಾಡ್ರಿ ಮಾಸ್ತರ. ನಿಮ್ಮ ಮಾತು ಒಮ್ಮೆ ಕೇಳೀನಿ. ಅದ್ರ ಸಲುವಾಗಿ ಹುಡುಗ ಆರು ವರ್ಷ ಮನೀ ಮಾರಿ ನೋಡಲಿಲ್ಲ. ಈ ಸಲ ನಿಮ್ಮ ಕೈ ನೋಡೀನಿ, ಸಾಕು. ಎರಡು ಬೆರಳು ತೋರ್ಸಿದಾಗ ಎರಡು ದಿನ ಅಂತ ತಿಳ್ದಿದ್ದೆ. ಚಮಚಾ ಬಾರ್ಸೂದು ನೋಡಿದ ಮ್ಯಾಲ ಎರಡು ವರ್ಷ ಅಂತ ತಿಳೀತು. ಕೊಟ್ಟೀನಿ ಇವಗ ಎರಡು ವರ್ಷ ಗೋದಾಮು.” ಮೆಹಬೂಬ ಟೋಪಿ ಮತ್ತೆ ಹಾಕಿಕೊಂಡು ಕಣ್ಣು ಒರೆಸಿಕೊಂಡ. ಖಾರ ಅವನಿಗೂ ತಾಗಿತೇನೋ. ಆ ಎರಡು ಬೆರಳು ಮಜ್ಜಿಗೆಯೆಂದು ನಾನು ಇವತ್ತಿನವರೆಗೆ ಅವರಿಬ್ಬರಿಗೂ ಹೇಳಿಲ್ಲ.

ಎರಡು ವರ್ಷದ ಮಾತು ಆಮೇಲೆ ಯಾರೂ ಎತ್ತಲಿಲ್ಲ. ಬಾಳೆಗೊನೆಗೆ ಇಮಾಮಸಾಬರು ಬೇರೆ ಗೋದಾಮು ನೋಡಿಕೊಂಡರು. ಭಾನುವಾರ ಸಂಜೆ ನಾನು ಅಲ್ಲಿಗೆ ಹೋಗುತ್ತೇನೆ. ದಸ್ತಗೀರ ನನಗೊಂದು ಲೋಟ ಬೇರೆ ಇಟ್ಟಿದ್ದಾನೆ. ಭಜನೆಯಲ್ಲಿ ಮಾತ್ರ ನಾನಿನ್ನೂ ತೆಂಗಿನಕಾಯಿಯವನೇ. ಮೊದಲ ದಿನದ ಕಥೆಯನ್ನೆಲ್ಲ ಮರುದಿನ ಅಡುಗೆಮನೆಯಲ್ಲಿ ನಿಂತು ವತ್ಸಲಾಳಿಗೆ ಹೇಳಿದೆ. ನನ್ನ ತಾಳದ ಮಹಿಮೆಯನ್ನು ಎರಡು ಸಲ ಹೇಳಿದೆ. ಅವಳು ಎಲೆ ಹಾಕಿ, ಅನ್ನ ಬಡಿಸಿ, ಎಲ್ಲ ಕೇಳಿಸಿಕೊಂಡು, “ಒಮ್ಮೆ ಬಾಯಿ ಬಿಟ್ರಿ, ಹುಡುಗನ ಸಾಲಿ ಹೋತು. ಒಮ್ಮೆ ಬಾಯಿ ಮುಚ್ಚಿದ್ರಿ, ಹೋಟೆಲ್ ಉಳೀತು. ಇನ್ನ ಮ್ಯಾಲರ ತಿಳಕೊಳ್ರಿ” ಎಂದಳು.

ಇದಕ್ಕೆ ತಕ್ಕ ಉತ್ತರ ನನಗೆ ಹೊಳೆಯಿತು, ಎಂದಿನಂತೆ ಸ್ವಲ್ಪ ತಡವಾಗಿ. ಅಷ್ಟರಲ್ಲಿ ಆಪೋಶನದ ನೀರು ಗಂಟಲು ದಾಟಿತ್ತು. ಸುಮ್ಮನೆ ಎರಡು ಬೆರಳು ತೋರಿಸಿದೆ. ಮಜ್ಜಿಗೆ ಬಂತು.