ಮೂವತ್ತನಾಲ್ಕರ ಮನೆತನ

ನಾನು ಏನು ತೊಡಬೇಕು ಎಂದು ಹೇಳಿಕೊಡಲು ಜನ ಎಲ್ಲಿಂದಲೋ ಹುಟ್ಟಿಕೊಳ್ಳುತ್ತಾರೆ. ಮೈಸೂರಿನಲ್ಲಿ ಹೇಳಿದ್ದು ಸಾಲದೆಂದು ಕ್ಯಾಲಿಫೋರ್ನಿಯಾದಲ್ಲೂ ಹೇಳಿದರು. ನಾನು ಕೇಳುವುದಿಲ್ಲವೆಂದು ಗೊತ್ತಾದ ಮೇಲೂ ಹೇಳಿದರು.

೧. ತೋರಿಕೆ

ಎಂಬತ್ತರ ದಶಕದ ನಡುಭಾಗ. ಮನೆ ಸನ್ನಿವೇಲ್‌ನ ಒಂದು ಅಪಾರ್ಟ್‌ಮೆಂಟು, ಕೆಲಸ ಮೆನ್ಲೋ ಪಾರ್ಕಿನ ಕಡೆ ಒಂದು ಚಿಪ್ ಕಂಪನಿಯಲ್ಲಿ. ಆ ವರ್ಷ ನಮ್ಮ ಗುಂಪಿನ ಮುಖ್ಯಸ್ಥ, ಅಲ್ಲಿನ ಮಾತಿನಲ್ಲಿ ಲೀಡ್, ಕೆಲಸ ಬಿಟ್ಟು ಹೋಗಿದ್ದ. ಆ ಜಾಗ ನನಗೆ ಬೇಕಿತ್ತು. ಉಳಿದವರಲ್ಲಿ ಹಳಬಳು ನಾನೇ, ಯಂತ್ರಗಳು ಮುನಿಸಿಕೊಂಡಾಗ ಎಲ್ಲರೂ ಕರೆಯುತ್ತಿದ್ದದ್ದೂ ನನ್ನನ್ನೇ. ಅಕ್ಟೋಬರಿನಲ್ಲಿ ಮ್ಯಾನೇಜರ್ ನನ್ನ ವರ್ಷದ ಕೆಲಸ ತೂಗಿ ಬರೆದ ಒಂದು ಕಾಗದ ಕೊಟ್ಟ. ಅದರಲ್ಲಿ ಓದಬೇಕಾದದ್ದು ಎರಡೇ ಸಾಲು. ಕೆಲಸ ಅತ್ಯುತ್ತಮ. ತೋರಿಕೆ ಸುಧಾರಿಸಬೇಕು.

"ತೋರಿಕೆ ಅಂದರೆ?"

"ಲೀಡ್ ಆದವರು ಗಿರಾಕಿಗಳ ಎದುರು ನಿಂತು ಮಾತಾಡಬೇಕು. ನೀವು ಕುಗ್ಗಿ ನಿಲ್ತೀರಿ. ಐದು ನಿಮಿಷಕ್ಕೊಂದು ಸಲ ಹೆಗಲು ಕುಣಿಸ್ತೀರಿ. ಒಂದು ಒಳ್ಳೆ ಸೂಟು ತಗೊಳ್ಳಿ. ಸ್ಟಾಕಿಂಗ್ಸು, ಹೀಲ್ಸು."

ಹೇಳಿದವನು ಕುರ್ಚಿಯಲ್ಲಿ ಕಂಬದ ಹಾಗೆ ನೆಟ್ಟಗೆ ಕೂತಿದ್ದ. ಇತ್ತೀಚೆಗೆ ಅವನ ಹೊಟ್ಟೆ ಕಾಣೆಯಾಗಿತ್ತು. ಊಟ ಬಿಟ್ಟಿರಬೇಕು ಎಂದುಕೊಂಡೆ.

ನಮ್ಮ ಕೆಲಸ ನಡೆಯುವುದು ಕ್ಲೀನ್ ರೂಮಿನಲ್ಲಿ. ಒಂದು ಕಣ ಧೂಳು ಬಿದ್ದರೂ ಚಿಪ್ ಕೆಡುತ್ತದೆಂದು ಅಲ್ಲಿ ಎಲ್ಲರೂ ಬಟ್ಟೆಯ ಮೇಲೆ ಬಿಳಿ ನಿಲುವಂಗಿ, ತಲೆಗೆ ಮುಸುಕು, ಬಾಯಿಗೆ ಮಾಸ್ಕು, ಕೈಗೆ ಗವುಸು, ಶೂ ಮೇಲೆ ಬಿಳಿ ಚೀಲ ಹಾಕಬೇಕು. ಹೊರಗೆ ಕಾಣುವುದು ಎರಡು ಕಣ್ಣು. ಅವನ್ನು ಹೇಗೆ ಸುಧಾರಿಸಬೇಕೆಂದು ಕಾಗದದಲ್ಲಿ ಬರೆದಿರಲಿಲ್ಲ.

೨. ಅಳತೆಗೆ ಒಂದು

ಆದರೆ ಹೆಗಲಿನ ಆರೋಪ ಸುಳ್ಳಲ್ಲ. ಆ ನಿಲುವಂಗಿಯೊಳಗೆ ಕೈ ಹಾಕುವ ಹಾಗಿಲ್ಲ. ಒಳಗೆ ಬ್ರಾದ ಪಟ್ಟಿ ಜಾರಿದರೆ ಶಿಫ್ಟ್ ಮುಗಿಯುವ ತನಕ ಒಂದು ಹೆಗಲು ಎತ್ತಿಕೊಂಡೇ ಕೆಲಸ ಮಾಡಬೇಕು. ನನ್ನದು ದಿನಾ ಜಾರುತ್ತಿತ್ತು. ಜಾರದ ಜಾಗದಲ್ಲಿ ಕುಯ್ಯುತ್ತಿತ್ತು.

ಮೈಸೂರಿನಲ್ಲಿ ಇದನ್ನು ಕೊಳ್ಳುವ ಕ್ರಮ ಹೀಗಿತ್ತು. ಅಂಗಡಿಯವನು ಫ್ಯಾನ್ ನೋಡುತ್ತಾ "ಎಷ್ಟು?" ಎನ್ನುತ್ತಿದ್ದ. ಅಮ್ಮ ನೆಲ ನೋಡುತ್ತಾ "ಮೂವತ್ತನಾಲ್ಕು" ಎನ್ನುತ್ತಿದ್ದರು. ಅವನು ಪೇಪರಿನಲ್ಲಿ ಸುತ್ತಿ ಕೊಡುತ್ತಿದ್ದ. ಟೇಪು ಯಾರೂ ಮುಟ್ಟುತ್ತಿರಲಿಲ್ಲ. ರವಿಕೆ ಹೊಲಿಸುವಾಗಲೂ ಅಷ್ಟೇ, ಅಳತೆಗೆಂದು ಹಳೆಯದೊಂದನ್ನು ದರ್ಜಿಗೆ ಕೊಟ್ಟು ಬಂದರೆ ಮುಗಿಯಿತು. ಹಾಗಾಗಿ ನಾನೂ ಹಳೆಯದೊಂದನ್ನು ಪೇಪರಿನಲ್ಲಿ ಸುತ್ತಿಕೊಂಡು ಇಲ್ಲಿನ ಒಂದು ದೊಡ್ಡ ಅಂಗಡಿಗೆ ಹೋದೆ.

ಒಳಉಡುಪಿನ ವಿಭಾಗದಲ್ಲಿ ಒಬ್ಬ ಅಜ್ಜಿ ಇದ್ದಳು. ಮೂಗಿನ ತುದಿಗೆ ಕನ್ನಡಕ, ಕೊರಳಿಗೆ ಟೇಪು. ಪೊಟ್ಟಣ ಬಿಚ್ಚಿ, ಎರಡು ಬೆರಳಲ್ಲಿ ಎತ್ತಿ, ದೀಪಕ್ಕೆ ಹಿಡಿದು ನೋಡಿದಳು.

"ಇದಕ್ಕೆ ಏನಾಗಿತ್ತು?" ಎಂದಳು, ಸತ್ತವರ ಬಗ್ಗೆ ಕೇಳುವ ಹಾಗೆ.

"ಏನೂ ಆಗಿಲ್ಲ. ಇದೇ ಸೈಜು ಕೊಡಿ. ಮೂವತ್ತನಾಲ್ಕು."

"ಯಾರು ಅಳೆದದ್ದು?"

"ಯಾರೂ ಅಳೆದಿಲ್ಲ. ನಮ್ಮ ಮನೇಲಿ ಎಲ್ಲರದ್ದೂ ಅದೇ. ಅಮ್ಮ, ದೊಡ್ಡಮ್ಮ, ಇಬ್ಬರು ಅತ್ತಿಗೆಯರು."

"ಅತ್ತಿಗೆಯರು ಬೇರೆ ಮನೆಯಿಂದ ಬಂದವರಲ್ಲವೆ?"

"ಮದುವೆ ಆದಮೇಲೆ ಅವರದ್ದೂ ಮೂವತ್ತನಾಲ್ಕು."

ಅಜ್ಜಿ ನನ್ನನ್ನು ಪರದೆಯ ಹಿಂದೆ ಕರೆದುಕೊಂಡು ಹೋದಳು. ಟೇಪು ಸುತ್ತಿ, "ಉಸಿರು ಬಿಡಿ" ಎಂದಳು.

"ಬಿಟ್ಟಿದೀನಿ."

"ಇಲ್ಲ. ನೀವು ಬಿಟ್ಟು ಬಹಳ ವರ್ಷ ಆಗಿದೆ."

ಕೊನೆಗೆ ಅವಳು ತಂದುಕೊಟ್ಟದ್ದರ ಅಂಕಿಯೂ ಬೇರೆ, ಅದರ ಪಕ್ಕದ ಕಪ್ ಅಳತೆಯ ಅಕ್ಷರವೂ ಬೇರೆ. ಹಾಕಿಕೊಂಡೆ. ಪಟ್ಟಿ ಕೂತಲ್ಲೇ ಕೂತಿತು. ಉಸಿರು ಹೊಟ್ಟೆಯ ತನಕ ಇಳಿಯಿತು. ನಾನು ಎಂ.ಟೆಕ್. ಮಾಡಿದವಳು. ಆಫೀಸಿನಲ್ಲಿ ಕೂದಲಿಗಿಂತ ಎಷ್ಟೋ ಪಾಲು ತೆಳುವಾದ ಗೆರೆಗಳನ್ನು ಅಳೆಯುವುದು ನನ್ನ ಕಸುಬು. ನನ್ನ ಮೈಗೆ ಟೇಪು ಬಂದದ್ದು ಇಪ್ಪತ್ತೊಂಬತ್ತನೇ ವಯಸ್ಸಿಗೆ. ಹಳೆಯದನ್ನು ಅಜ್ಜಿ ವಾಪಸ್ಸೇ ಕೊಡಲಿಲ್ಲ.

೩. ಸೂಟು

ನೆಟ್ಟಗೆ ನಿಲ್ಲುವುದು ಬಂದ ಮೇಲೆ ಸೂಟು ಬೇಡ ಎಂದೆ. ನನ್ನ ಗಂಡ, "ಒಂದು ದಿನ ಹಾಕ್ಕೊಂಡು ಹೋಗೇ, ಅವನ ಬಾಯಿ ಮುಚ್ಚುತ್ತೆ" ಎಂದ. ಕೊಂಡು ತಂದೆ. ಹೆಗಲಿಗೆ ಪ್ಯಾಡು, ಸೊಂಟದ ತನಕ ನೈಲಾನಿನ ಸ್ಟಾಕಿಂಗ್ಸು. ಆಗ ಧಾರವಾಡದಿಂದ ನಮ್ಮತ್ತೆ ಆರು ತಿಂಗಳಿಗೆಂದು ಬಂದಿದ್ದರು. ಬಾಗಿಲಲ್ಲಿ ನಿಲ್ಲಿಸಿಕೊಂಡರು.

"ಹೆಗಲಿಗೆ ಏನಾಗೇದ? ಬಾವು ಬಂದದೇನು?"

"ಪ್ಯಾಡು ಅತ್ತೆ. ಹೆಗಲು ಅಗಲ ಕಾಣಲಿ ಅಂತ."

"ಅಗಲ ಮಾಡಿ ಏನ್ ಮಾಡ್ತಿ? ಚೀಲ ಹೊರಾಕಿ ಏನ್ ನೀ?"

ಆಫೀಸಿನಲ್ಲಿ ಮ್ಯಾನೇಜರ್ ನೋಡಿ ತೃಪ್ತನಾದ. "ಈಗ ನೆಟ್ಟಗೆ ನಿಂತಿದೀರಿ. ನೋಡಿ, ಸೂಟು."

"ಸೂಟಿಂದಲ್ಲ. ಅಂಗಡೀಲಿ ಒಬ್ಬ ಅಜ್ಜಿ ಟೇಪು ಹಿಡಿದು ಅಳೆದಳು. ಅದರಿಂದ."

ಅವನಿಗೆ ಅದು ಬೇಕಿರಲಿಲ್ಲ. ನನ್ನ ಮೇಜಿನ ಹತ್ತಿರ ಒಂದು ಮೀಟರ್ ಇರುತ್ತದೆ. ಬಟ್ಟೆ ಉಜ್ಜಿದಾಗ ಹುಟ್ಟುವ ವಿದ್ಯುತ್ತನ್ನು ತೋರಿಸುತ್ತದೆ. ನಮಗೆ ಚುರುಕ್ ಎನ್ನದಷ್ಟು ಸಣ್ಣ ಕಿಡಿ ಸಾಕು, ಚಿಪ್ ಹೋಗುತ್ತದೆ. ನಾನು ಕೂತು ಕಾಲ ಮೇಲೆ ಕಾಲು ಹಾಕಿದೆ. ಮುಳ್ಳು ಆ ತುದಿಗೆ ಹೋಯಿತು. ತೆಗೆದೆ, ಮತ್ತೆ ಹಾಕಿದೆ. ಮತ್ತೆ ಆ ತುದಿ. ಅವನನ್ನು ಕರೆದು ಮೂರು ಸಲ ತೋರಿಸಿದೆ.

"ನೈಲಾನು," ಎಂದೆ. "ಇದನ್ನ ಹಾಕ್ಕೊಂಡು ನಾನು ಓಡಾಡಿದರೆ ಈ ಮೇಜಿನ ಮೇಲೆ ಏನೂ ಉಳಿಯೋದಿಲ್ಲ. ನಿಮಗೆ ತೋರಿಕೆ ಬೇಕೋ ಚಿಪ್ ಬೇಕೋ?"

ಅವನು ಯೋಚಿಸಿದ. ನನಗೆ ಬೇಜಾರಾದದ್ದು ಅದೇ. ಯೋಚಿಸಿದ.

ಮರುದಿನದಿಂದ ಹತ್ತಿಯ ಪ್ಯಾಂಟು, ಸಡಿಲ ಅಂಗಿ, ಕ್ಯಾನ್ವಾಸ್ ಶೂ. ಸೂಟಿನ ಪ್ಯಾಡುಗಳನ್ನು ಅತ್ತೆ ಬಿಚ್ಚಿ ತೆಗೆದು ಬಿಸಿ ಪಾತ್ರೆ ಇಳಿಸಲು ಇಟ್ಟುಕೊಂಡರು.

೪. ಅತ್ತೆಯ ಕಾಲು

ಡಿಸೆಂಬರಿನಲ್ಲಿ ಕ್ಯುಪರ್ಟಿನೋದ ಒಬ್ಬರ ಮನೆಯಲ್ಲಿ ಕನ್ನಡದವರೆಲ್ಲ ಸೇರಿದ್ದರು. ಅತ್ತೆ ಇಳಕಲ್ ಸೀರೆ ಉಟ್ಟಿದ್ದರು. ಸೀರೆಯ ಕೆಳಗೆ ಮಗನ ಥರ್ಮಲ್ ಪ್ಯಾಂಟು, ಅದರ ಕೆಳಗೆ ನನ್ನ ಕ್ಯಾನ್ವಾಸ್ ಶೂ. ಬೂದು ಬಣ್ಣದ ಪ್ಯಾಂಟು ನಾಲ್ಕು ಬೆರಳು ಹೊರಗೆ ಕಾಣುತ್ತಿತ್ತು.

ಮನೆಯಾಕೆ ನನ್ನನ್ನು ಅಡುಗೆಮನೆಗೆ ಎಳೆದರು. "ರೀ, ನಿಮ್ಮತ್ತೆಗೆ ಸ್ವಲ್ಪ ಹೇಳಬಾರ್ದಾ? ಫೋಟೋ ಬೇರೆ ತೆಗೀತಿದಾರೆ. ಸಾಕ್ಸ್ ಕೊಡ್ಲಾ?"

ಅತ್ತೆಯ ಕಿವಿ ಚುರುಕು. ಹಿಂದೆಯೇ ಬಂದು ನಿಂತಿದ್ದರು.

"ಯಾಕವಾ? ಕಾಲು ನನ್ನವ. ಥಂಡಿ ಹತ್ತೋದು ನನಗ. ನಿನಗೇನ್ ತ್ರಾಸ?" ಎಂದು ಸೀರೆಯನ್ನು ಇನ್ನೊಂದು ಗೇಣು ಎತ್ತಿದರು. "ಮುಟ್ಟಿ ನೋಡು. ಎಷ್ಟ ಬೆಚ್ಚಗ ಅದ."

ಮನೆಯಾಕೆ ಮುಟ್ಟಿದರು. ಆಮೇಲೆ ಬಂದವರೂ ಮುಟ್ಟಿದರು.

ವಾಪಸ್ ಬರುವಾಗ ಫ್ರೀವೇ ಮೇಲೆ ಅತ್ತೆಗೆ ಲೀಡ್ ಜಾಗದ ವಿಷಯ ಹೇಳಿದೆ. ಸೂಟು ಬಿಟ್ಟದ್ದಕ್ಕೆ ಅದು ಕೈತಪ್ಪಬಹುದು ಎಂದೆ.

"ನಿನ್ನ ಕೆಲಸ ಕೈಯಾಗ ಅದನೋ, ಅಂಗಿಯಾಗ ಅದನೋ?"

"ಕೈಲಿ ಅತ್ತೆ."

"ಹಂಗಾರ ಸುಮ್ನ ಗಾಡಿ ನಡಸು."

ಆ ವಾರ ಥರ್ಮಲ್ ಎಲ್ಲಿ ಸಿಗುತ್ತದೆಂದು ಕೇಳಿ ಮೂರು ಫೋನ್ ಬಂತು. ಮೂರನೆಯದು ಕ್ಯುಪರ್ಟಿನೋದ ಆಕೆಯದು. "ನನಗಲ್ಲಾ ರೀ, ನಮ್ಮತ್ತೆಗೆ," ಎಂದರು. ಅವರ ಅತ್ತೆ ಬೆಂಗಳೂರಿನಲ್ಲಿದ್ದರು. ಬರುವ ಮಾತೂ ಇರಲಿಲ್ಲ.

೫. ಮೀಡಿಯಮ್

ಜನವರಿಯಲ್ಲಿ ದೊಡ್ಡ ಗಿರಾಕಿಗಳು ಕ್ಲೀನ್ ರೂಮ್ ನೋಡಲು ಬರುವುದಿತ್ತು. ಅದಾದ ಮೇಲೆ ಲೀಡ್ ಯಾರೆಂದು ತೀರ್ಮಾನ. ಮ್ಯಾನೇಜರ್ ಮೊದಲೇ ಹೇಳಿದ. "ವಿವರಣೆ ನಾನೇ ಕೊಡ್ತೀನಿ. ನೀವು ಹಿಂದೆ ನಿಂತಿರಿ. ದಯವಿಟ್ಟು ಆ ಶೂ ಬೇಡ."

ಆ ಶೂನಲ್ಲೇ ಹೋದೆ. ಮೇಲೆ ಬಿಳಿ ಚೀಲ ಹಾಕಿದ ಮೇಲೆ ಯಾರ ಶೂ ಯಾವುದು?

ನಿಲುವಂಗಿ ಹಾಕಿಕೊಳ್ಳುವಾಗ ಗಿರಾಕಿಗಳೆಲ್ಲ ಬಗ್ಗಿ ಕಾಲಿಗೆ ಚೀಲ ಕಟ್ಟಿಕೊಂಡರು. ಮ್ಯಾನೇಜರಿಗೆ ಬಗ್ಗಲು ಆಗಲಿಲ್ಲ. ಗೋಡೆಗೆ ಒರಗಿ, ಒಂದೊಂದೇ ಕಾಲು ಹಿಂದಕ್ಕೆ ಮಡಚಿ, ಕೊಕ್ಕರೆಯ ಹಾಗೆ ಕಟ್ಟಿಕೊಂಡ. ಒಳಗೆ ಮೊದಲ ಯಂತ್ರದ ಹತ್ತಿರ ಚೆನ್ನಾಗಿಯೇ ಮಾತಾಡಿದ. ಎರಡನೆಯದರ ಹತ್ತಿರ ವಾಕ್ಯಗಳು ಚಿಕ್ಕವಾದವು. ಮೂರನೆಯದಕ್ಕೆ ಬರುವಾಗ ಮೂರು ಮಾತಿಗೊಂದು ಉಸಿರು. ಕಾಣುತ್ತಿದ್ದ ಎರಡು ಕಣ್ಣಿನ ಸುತ್ತ ಬೆವರು.

ಉಳಿದವರು ಹೃದಯದ ತೊಂದರೆ ಎಂದುಕೊಂಡು ಗಾಬರಿಯಾದರು. ನನಗೆ ಆ ಉಸಿರಿನ ಗುರುತಿತ್ತು. ವರ್ಷಗಟ್ಟಲೆ ನಾನೇ ಹಾಗೆ ಉಸಿರಾಡಿದ್ದೆ.

"ಹೊರಗೆ ಹೋಗಿ ಬಿಚ್ಚಿ," ಎಂದೆ, ಅವನೊಬ್ಬನಿಗೇ ಕೇಳುವ ಹಾಗೆ.

"ಏನನ್ನ?"

"ಏನಿದೆಯೋ ಅದನ್ನ."

ಅವನು ಹೋದ. ಉಳಿದ ಒಂಬತ್ತು ಯಂತ್ರಗಳನ್ನು ನಾನು ವಿವರಿಸಿದೆ. ಮುಕ್ಕಾಲು ಗಂಟೆ. ಹೆಗಲು ಒಂದು ಸಲವೂ ಅಲ್ಲಾಡಲಿಲ್ಲ.

ಗಿರಾಕಿಗಳನ್ನು ಕಳಿಸಿ ಬಂದಾಗ ಮ್ಯಾನೇಜರ್ ಬಟ್ಟೆ ಬದಲಿಸುವ ಕೋಣೆಯ ಬೆಂಚಿನ ಮೇಲೆ ಕೂತಿದ್ದ. ಅಂಗಿಯ ಗುಂಡಿ ಬಿಚ್ಚಿತ್ತು, ಕಾಣೆಯಾದ ಹೊಟ್ಟೆ ವಾಪಸ್ ಬಂದಿತ್ತು. ಪಕ್ಕದಲ್ಲಿ ಚರ್ಮದ ಬಣ್ಣದ, ಒಂದು ಗೇಣು ಅಗಲದ ಎಲಾಸ್ಟಿಕ್ ಪಟ್ಟಿ ಸುರುಳಿಯಾಗಿ ಬಿದ್ದಿತ್ತು.

"ಬೆನ್ನು ನೋವಿಗೆ," ಎಂದ.

ನಾನು ಏನೂ ಕೇಳಿರಲಿಲ್ಲ. ಈಗ ಕೇಳಿದೆ. "ಯಾವ ಸೈಜು?"

"ಮೀಡಿಯಮ್."

"ಯಾರು ಅಳೆದದ್ದು?"

"ಯಾರೂ ಇಲ್ಲ. ಕಾಲೇಜಿನಿಂದಲೂ ನಾನು ಮೀಡಿಯಮ್ಮೇ."

ನಮ್ಮ ಮನೆತನದವನೇ ಎನ್ನಿಸಿತು.

"ಗಿರಾಕಿಗಳು ಇನ್ನು ಮೇಲೆ ನಿಮ್ಮ ಜೊತೆಗೇ ಮಾತಾಡ್ತಾರಂತೆ," ಎಂದ. "ಲೀಡ್ ಕಾಗದಕ್ಕೆ ಸೋಮವಾರ ಸಹಿ ಹಾಕ್ತೀನಿ."

"ತೋರಿಕೆ?"

"ಆ ಸಾಲು ಹೊಡೆದುಹಾಕ್ತೀನಿ."

"ಈ ಶೂನಲ್ಲೇ ಬರ್ತೀನಿ."

"ಬನ್ನಿ."

ಬಾಗಿಲ ತನಕ ಹೋಗಿದ್ದೆ. ಹಿಂದಿನಿಂದ ಕರೆದ. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡ.

"ಆ ಟೇಪಿನ ಅಜ್ಜಿ ಇದ್ದಾರಲ್ಲ, ಅವರು ಗಂಡಸರನ್ನೂ ಅಳೀತಾರಾ?"

"ಕೇಳಿ ನೋಡಿ," ಎಂದೆ. "ಆದರೆ ಅಳತೆಗೆ ಅಂತ ಅದನ್ನ ಪೇಪರಲ್ಲಿ ಸುತ್ತಿಕೊಂಡು ಹೋಗಬೇಡಿ."